ಷರಾ ಅಂಕಣದಲ್ಲಿ ಉಳಿದ ಚರಿತ್ರೆ

ನಮ್ಮ ಭಾಗದ ಕ್ರೈಸ್ತ ಸಭೆಗಳು ಹೊರತರುವ ಸ್ಮರಣ ಸಂಚಿಕೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಮೊದಲ ಪುಟದಲ್ಲಿ ದೇವಾಲಯದ ಚಿತ್ರ, ಆಮೇಲೆ ಗಣ್ಯರ ಶುಭಾಶಯಗಳು, ಅದರ ಹಿಂದೆ ಊರಿಗೆ ಮೊದಲು ಬಂದ ಮಿಶನರಿಯ ಹೆಸರು, ಅಸ್ತಿವಾರ ಹಾಕಿದ ದಿನ, ಪ್ರತಿಷ್ಠೆಯಾದ ದಿನ, ಸೇವೆ ಮಾಡಿದ ಸಭಾಪಾಲಕರ ಪಟ್ಟಿ, ಕೊನೆಗೆ ಅಂಗಡಿಗಳ ಜಾಹೀರಾತು. ಮಂಡ್ಯದ ನಮ್ಮ ಚಿಕ್ಕ ಬ್ಯಾಪ್ಟಿಸ್ಟ್ ಸಭೆಯ ಸಂಚಿಕೆಗೆ ಚರಿತ್ರೆಯನ್ನು ಬರೆದುಕೊಡಬೇಕೆಂದು ಹಿರಿಯರು ನನಗೆ ಹೇಳಿದ ದಿನದಿಂದ ಈ ಅಚ್ಚು ನನ್ನನ್ನು ಕಾಡುತ್ತಿದೆ. ಅದರಂತೆ ಬರೆದರೆ ನಮ್ಮ ಸಭೆಯ ಕಥೆ ಎರಡು ಪುಟಕ್ಕೆ ಮುಗಿದುಹೋಗುತ್ತದೆ. ಆ ಎರಡು ಪುಟಗಳಲ್ಲಿ ಸುಳ್ಳೇನೂ ಇರುವುದಿಲ್ಲ, ಆದರೆ ನಮ್ಮ ಸಭೆಯೂ ಇರುವುದಿಲ್ಲ.

ಈ ಅಚ್ಚು ಎಲ್ಲಿಂದ ಬಂತೆಂಬುದು ಮೈಸೂರಿನ ಕಡೆಗೆ ನೋಡಿದರೆ ತಿಳಿಯುತ್ತದೆ. ಸಂತ ಫಿಲೋಮಿನಾ ದೇವಾಲಯಕ್ಕೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೇ ಅಸ್ತಿವಾರದ ಕಲ್ಲನ್ನಿಟ್ಟರು. ವೆಸ್ಲಿಯನ್ ಮಿಶನ್ನಿನವರು ಹಾರ್ಡ್ವಿಕ್ ಶಾಲೆಯನ್ನು ಕಟ್ಟಿದರು, ಇಂದಿಗೂ ಜನ ಮಿಶನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ತೆರೆದರು, ಸ್ವಂತ ಮುದ್ರಣಾಲಯವನ್ನಿಟ್ಟುಕೊಂಡು ಪತ್ರಿಕೆಯನ್ನೂ ನಡೆಸಿದರು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಟಿಪ್ಪುವಿನ ಪತನದ ನಂತರ ಬಂದು ನೆಲೆಸಿದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಅವರ ಚರಿತ್ರೆ ಕಲ್ಲಿನಲ್ಲಿದೆ, ಕಾಗದದಲ್ಲಿದೆ, ಲಂಡನ್ನು ಪ್ಯಾರಿಸ್ಸುಗಳ ಕಪಾಟುಗಳಲ್ಲಿದೆ. ವರ್ಷಕ್ಕೊಮ್ಮೆ ಮೇಲಿನವರಿಗೆ ವರದಿ ಕಳಿಸಬೇಕಾಗಿದ್ದ ಮಿಶನರಿಗಳು ತಾವು ಕಂಡದ್ದನ್ನೆಲ್ಲ ಬರೆದಿಟ್ಟರು. ಮುಂದೆ ಬಂದ ಚರಿತ್ರೆಕಾರರಿಗೆ ಓದುವುದಕ್ಕೆ ಬೇಕಾದಷ್ಟು ಸಿಕ್ಕಿತು.

ನಮ್ಮದು ಇಂಥ ಆಸರೆಗಳಿಲ್ಲದೆ ಹುಟ್ಟಿದ ಸಭೆ. ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿದುಬಂದು ಮಂಡ್ಯದ ಸುತ್ತ ಕಬ್ಬು ಬೆಳೆಯತೊಡಗಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು, 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ಹೀಗೆ ಬೆಳೆಯುತ್ತಿದ್ದ ಊರಿಗೆ ಕೆಲಸ ಹುಡುಕಿಕೊಂಡು ಬಂದವರಲ್ಲಿ ಕೆಲವರು ಬ್ಯಾಪ್ಟಿಸ್ಟರಾಗಿದ್ದರು. ಒಬ್ಬರು ಕಾರ್ಖಾನೆಯ ಫಿಟ್ಟರ್, ಒಬ್ಬರು ರೈಲ್ವೆಯ ಗ್ಯಾಂಗ್‌ಮನ್, ಒಬ್ಬರು ಆಸ್ಪತ್ರೆಯ ನರ್ಸು. ತೆಲುಗು ಸೀಮೆಯಿಂದಲೋ ತಮಿಳು ಸೀಮೆಯಿಂದಲೋ ಬಂದಿದ್ದ ಇವರು ಭಾನುವಾರ ಸಂಜೆ ಕ್ವಾರ್ಟರ್ಸಿನ ಜಗುಲಿಯಲ್ಲಿ ಕೂಡಿ ಪ್ರಾರ್ಥನೆ ಮಾಡುತ್ತಿದ್ದರೆಂಬುದು ನಮ್ಮ ಹಿರಿಯರು ಹೇಳುತ್ತ ಬಂದ ಮಾತು. ಆ ಜಗುಲಿಯ ಚಿತ್ರ ಯಾರ ಬಳಿಯೂ ಇಲ್ಲ. ಅಲ್ಲಿಂದ ಬಾಡಿಗೆಯ ಕೋಣೆ, ಬಾಡಿಗೆಯ ಕೋಣೆಯಿಂದ ಶೀಟಿನ ಮಾಡು, ಶೀಟಿನ ಮಾಡಿನಿಂದ ಈಗಿನ ತಾರಸಿ. ಕಟ್ಟಡದ ಚರಿತ್ರೆ ಇಷ್ಟೇ.

1947ರ ಸೆಪ್ಟೆಂಬರಿನಲ್ಲಿ ಆಂಗ್ಲಿಕನರು, ಮೆಥಡಿಸ್ಟರು, ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಸಭೆಗಳವರು ಒಂದಾಗಿ ದಕ್ಷಿಣ ಭಾರತ ಸಭೆಯನ್ನು ಕಟ್ಟಿಕೊಂಡಾಗ ಬ್ಯಾಪ್ಟಿಸ್ಟರು ಆ ಕೂಟದಲ್ಲಿರಲಿಲ್ಲ. ಬಿಷಪ್ಪರ ಆಡಳಿತವನ್ನು ಒಪ್ಪುವುದು ಮತ್ತು ಮಕ್ಕಳಿಗೆ ದೀಕ್ಷಾಸ್ನಾನ, ಅಂದರೆ ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ, ಕೊಡುವುದನ್ನು ಒಪ್ಪುವುದು, ಇವೆರಡೂ ಅವರಿಂದ ಆಗದ ಮಾತಾಗಿತ್ತು. 1970ರಲ್ಲಿ ಉತ್ತರ ಭಾರತ ಸಭೆ ಏರ್ಪಟ್ಟಾಗ ಎರಡೂ ಬಗೆಯ ದೀಕ್ಷಾಸ್ನಾನಕ್ಕೆ ಜಾಗ ಮಾಡಿಕೊಟ್ಟದ್ದರಿಂದ ಅಲ್ಲಿನ ಕೆಲವು ಬ್ಯಾಪ್ಟಿಸ್ಟ್ ಸಭೆಗಳು ಸೇರಿಕೊಂಡವು. ನಮ್ಮ ದಕ್ಷಿಣದಲ್ಲಿ ಹಾಗಾಗಲಿಲ್ಲ. ಹೀಗೆ ಹೊರಗುಳಿದದ್ದು ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮ ನಡುವೆ ಇಂದಿಗೂ ಇದೆ. ಚರಿತ್ರೆ ಬರೆಯುವವನಿಗೆ ಮಾತ್ರ ಅದರಿಂದ ಒಂದು ನೇರ ಪರಿಣಾಮವಾಯಿತು. ನಮ್ಮ ಸಭೆಗೆ ಮೇಲಿನ ಕಚೇರಿ ಎಂಬುದಿಲ್ಲ. ಎಲ್ಲಿಗೂ ವರದಿ ಹೋಗಲಿಲ್ಲ. ಇದ್ದದ್ದೆಲ್ಲ ಸಭೆಯ ಕಬ್ಬಿಣದ ಪೆಟ್ಟಿಗೆಯಲ್ಲಿರುವ ಸದಸ್ಯರ ರಿಜಿಸ್ಟರು ಮತ್ತು ನಡಾವಳಿ ಪುಸ್ತಕಗಳಲ್ಲೇ ಇದೆ.

ಹುಟ್ಟಿನಿಂದ ಬಾರದ ಸದಸ್ಯತ್ವ

ಆ ರಿಜಿಸ್ಟರಿಗೆ ಕೆಂಪು ಬಟ್ಟೆಯ ಬೆನ್ನಿದೆ. ಕ್ರಮ ಸಂಖ್ಯೆ, ಹೆಸರು, ತಂದೆಯ ಅಥವಾ ಗಂಡನ ಹೆಸರು, ದೀಕ್ಷಾಸ್ನಾನದ ದಿನಾಂಕ, ಷರಾ ಎಂದು ಐದು ಅಂಕಣಗಳು. ಮೊದಲ ಹಾಳೆಗಳ ಮಸಿ ಕಂದು ತಿರುಗಿದೆ, ಮುಂದಿನ ಹಾಳೆಗಳಲ್ಲಿ ಬಾಲ್ ಪೆನ್ನಿನ ನೀಲಿ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಒಬ್ಬ ಹಿರಿಯರು ಬಹಳ ಕಾಲ ಇದನ್ನು ಬರೆದದ್ದರಿಂದ ಕಚೇರಿಯ ಭಾಷೆ ಹಾಗೆಯೇ ಬಂದಿದೆ. ಷರಾ ಅಂಕಣದಲ್ಲಿ ಅವರು ಬರೆದದ್ದು ಒಂದೊಂದು ಸಾಲು ಮಾತ್ರ. "ಪತ್ರ ಪಡೆದು ಭದ್ರಾವತಿಗೆ ಹೋದರು." "ಕರ್ತನಲ್ಲಿ ನಿದ್ರೆಹೋದರು." "ಸಭೆಯ ತೀರ್ಮಾನದಂತೆ ಹೆಸರು ತೆಗೆಯಲಾಗಿದೆ." "ಪುನಃ ಸೇರಿಸಿಕೊಳ್ಳಲಾಗಿದೆ."

ಬೇರೆ ಸಭೆಗಳ ಇಂಥ ಪುಸ್ತಕವನ್ನು ನೋಡಿದವರಿಗೆ ಇದರಲ್ಲಿ ಏನೋ ಇಲ್ಲವೆನ್ನಿಸುತ್ತದೆ. ಇಲ್ಲದಿರುವುದು ಮಕ್ಕಳು. ಮೆಥಡಿಸ್ಟ್ ಅಥವಾ ಕಥೋಲಿಕ ಪುಸ್ತಕದಲ್ಲಿ ಮಗು ಹುಟ್ಟಿದ ಕೆಲವೇ ತಿಂಗಳಲ್ಲಿ ಅದರ ಹೆಸರು ದಾಖಲಾಗುತ್ತದೆ. ಅಜ್ಜ, ಅಪ್ಪ, ಮಗ ಎಂದು ಮೂರು ತಲೆಮಾರು ಒಂದೇ ದಾರದಲ್ಲಿ ಪೋಣಿಸಿಕೊಂಡು ಬರುತ್ತವೆ. ಬ್ಯಾಪ್ಟಿಸ್ಟ್ ಸಭೆಯಲ್ಲಿ ಹಾಗಿಲ್ಲ. ಹಿರಿಯರ ಮಗನಾಗಿ ಹುಟ್ಟಿದರೂ, ಸಭಾಪಾಲಕರ ಮಗಳಾಗಿ ಹುಟ್ಟಿದರೂ, ತಾನೇ ಬಂದು ಕೇಳಿಕೊಂಡು, ತನ್ನ ನಂಬಿಕೆಯನ್ನು ಸಭೆಯ ಮುಂದೆ ಬಾಯಿಬಿಟ್ಟು ಹೇಳಿ, ನೀರಿನಲ್ಲಿ ಮುಳುಗಿ ಏಳುವ ತನಕ ಆ ವ್ಯಕ್ತಿಯ ಹೆಸರು ಪಟ್ಟಿಯಲ್ಲಿ ಬರುವುದಿಲ್ಲ. ಇದು 1609ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಜಾನ್ ಸ್ಮಿತ್ ಮತ್ತು ಅವರ ಜೊತೆಗಾರರು, ಇಂಗ್ಲೆಂಡಿನಿಂದ ಓಡಿಬಂದ ಒಂದು ಪುಟ್ಟ ಗುಂಪಿನವರು, ಹಿಡಿದ ಹಟ. ಆ ಗುಂಪಿನ ಥಾಮಸ್ ಹೆಲ್ವಿಸ್ ಲಂಡನ್ನಿಗೆ ಮರಳಿ, ಮನುಷ್ಯನ ನಂಬಿಕೆಯ ಮೇಲೆ ರಾಜನಿಗೆ ಅಧಿಕಾರವಿಲ್ಲವೆಂದು ಬರೆದು ಜೈಲು ಸೇರಿದರು.

ಈ ಹಟದ ತೂಕ ಮಂಡ್ಯದಂಥ ಊರಿನಲ್ಲಿ ಎಷ್ಟೆಂಬುದನ್ನು ನಾನು ಈ ರಿಜಿಸ್ಟರನ್ನು ಓದುವಾಗಲೇ ಸರಿಯಾಗಿ ಅರಿತದ್ದು. ನಮ್ಮಲ್ಲಿ ಮನುಷ್ಯ ಯಾರೆಂಬುದನ್ನು ಅವನು ಹುಟ್ಟಿದ ಮನೆ ಹೇಳುತ್ತದೆ. ಯಾರ ಪೈಕಿ, ಯಾವ ಬೀದಿ, ಯಾರ ಮಗ ಎಂದು ಕೇಳಿದರೆ ಉಳಿದದ್ದೆಲ್ಲ ತಿಳಿದುಹೋಗುತ್ತದೆ. ಕ್ರೈಸ್ತರಾದವರಲ್ಲೂ ಈ ಲೆಕ್ಕ ಅಳಿದಿಲ್ಲ. ಮದುವೆಯ ಮಾತು ಬಂದಾಗ ಅದು ಎದ್ದು ಕೂರುತ್ತದೆ. ಹುಟ್ಟಿನಿಂದ ಏನೂ ಬರುವುದಿಲ್ಲ, ನೀನೇ ಬಂದು ಕೇಳಬೇಕು ಎನ್ನುವ ಒಂದು ಪಟ್ಟಿ ಇಂಥ ಊರಿನಲ್ಲಿ ಇಷ್ಟು ಕಾಲ ನಡೆದುಬಂದಿದೆ ಎಂಬುದೇ ನಮ್ಮ ಸಭೆಯ ಚರಿತ್ರೆ ಎಂದು ನಾನು ನಂಬಿದ್ದೇನೆ. ಸಭಾಪಾಲಕರು ಬಂದರು, ಹೋದರು. ಒಬ್ಬೊಬ್ಬರೂ ಹೇಗೆ ಕೇಳಿಕೊಂಡರು, ಸಭೆ ಏನು ಹೇಳಿತು ಎಂಬುದೇ ಬರೆಯಬೇಕಾದ ವಿಷಯ.

ಕೇಳಿಕೊಳ್ಳುವ ರೀತಿಯನ್ನು ನಾನು ಕಣ್ಣಾರೆ ಕಂಡ ಒಂದು ಸಂದರ್ಭ ನೆನಪಿನಲ್ಲಿದೆ. ಆರಾಧನೆ ಮುಗಿದ ಮೇಲೆ ಸದಸ್ಯರ ಸಭೆ ಕೂಡಿತ್ತು. ಮುಂದಿನ ಸಾಲಿನ ಕುರ್ಚಿಗಳನ್ನು ತಿರುಗಿಸಿ ವೃತ್ತವಾಗಿ ಹಾಕಿದ್ದರು. ದೀಕ್ಷಾಸ್ನಾನ ಬೇಕೆಂದು ಕೇಳಿದ್ದ ಹುಡುಗಿ ಹೈಸ್ಕೂಲು ಮುಗಿಸಿದ್ದವಳು, ತಾಯಿಯ ಜೊತೆ ಮನೆಗೆಲಸಕ್ಕೆ ಹೋಗುತ್ತಿದ್ದವಳು. ಎದುರಿಗೆ ಕೂತವರಲ್ಲಿ ಒಬ್ಬ ನಿವೃತ್ತ ಇಂಜಿನಿಯರರಿದ್ದರು, ಅವಳು ಪಾತ್ರೆ ತೊಳೆಯುವ ಮನೆಯ ಯಜಮಾನತಿಯೂ ಇದ್ದರು. ಹಿರಿಯರೊಬ್ಬರು, "ಅವ್ವ ಹೇಳಿದ್ಲು ಅಂತ ಬಂದಿದ್ದೀಯೇನಮ್ಮ?" ಎಂದು ಕೇಳಿದರು. ಅವಳು ತಲೆಯೆತ್ತಿ, "ಇಲ್ಲ ಅಂಕಲ್, ಅವ್ವ ಇನ್ನೊಂದು ವರ್ಷ ತಡಿ ಅಂದ್ಲು. ನಾನೇ ಕೇಳ್ಕೊಂಡಿದ್ದು" ಎಂದಳು. ಆಮೇಲೆ ಅವಳನ್ನು ಹೊರಗೆ ಕೂರಿಸಿ ಚರ್ಚೆಯಾಯಿತು. ಕೈ ಎತ್ತಿ ಒಪ್ಪಿಗೆ ಸೂಚಿಸುವಾಗ ಆ ಯಜಮಾನತಿಯ ಕೈ ಮೊದಲು ಎದ್ದಿತು. ಮುಂದಿನ ಸದಸ್ಯರ ಸಭೆಯಲ್ಲಿ ಆ ಹುಡುಗಿಯ ಕೈಗೂ ಆ ಯಜಮಾನತಿಯ ಕೈಯಷ್ಟೇ ಬೆಲೆ ಬಂತು. ಸಭಾಪಾಲಕರ ಸಂಬಳದ ವಿಷಯದಲ್ಲಿ ಇಬ್ಬರೂ ಬೇರೆ ಬೇರೆ ಕಡೆಗೆ ಕೈ ಎತ್ತಿದರು. ನಡಾವಳಿಯಲ್ಲಿ ಇದು "ಬಹುಮತದಿಂದ ಅಂಗೀಕರಿಸಲಾಯಿತು" ಎಂಬ ಒಂದೇ ಸಾಲಾಗಿ ದಾಖಲಾಗಿದೆ. ಆ ಸಾಲಿನ ಒಳಗೆ ಏನಿದೆಯೆಂಬುದು ಕುರ್ಚಿಗಳಲ್ಲಿ ಕೂತಿದ್ದವರಿಗೆ ಮಾತ್ರ ಗೊತ್ತು. ಅವರಲ್ಲಿ ಕೆಲವರು ಈಗಾಗಲೇ ಇಲ್ಲ.

ನಾಲೆಗೆ ನೀರು ಬಿಡುವ ಕಾಲ

ದಿನಾಂಕಗಳನ್ನು ಒಂದು ಹಾಳೆಯಲ್ಲಿ ತಿಂಗಳುವಾರು ಬರೆದುಕೊಂಡಾಗ ಒಂದು ವಿಚಿತ್ರ ಕಂಡಿತು. ಮೊದಲ ದಶಕಗಳ ದೀಕ್ಷಾಸ್ನಾನಗಳು ಹೆಚ್ಚುಕಡಿಮೆ ಎಲ್ಲವೂ ಮಳೆಗಾಲ ಮತ್ತು ಅದರ ಮುಂದಿನ ತಿಂಗಳುಗಳಲ್ಲೇ ನಡೆದಿವೆ. ಮಾರ್ಚ್, ಏಪ್ರಿಲ್, ಮೇ ಬಹುತೇಕ ಖಾಲಿ. ಈಸ್ಟರ್ ಬರುವುದೇ ಆ ಕಾಲದಲ್ಲಿ. ದೀಕ್ಷಾಸ್ನಾನಕ್ಕೆ ಕ್ರೈಸ್ತರು ಮೊದಲಿನಿಂದಲೂ ಒಳ್ಳೆಯದೆಂದು ಕಂಡ ಹಬ್ಬ ಅದು. ಹಾಗಿದ್ದರೂ ಪುಟ ಖಾಲಿ. ಇದಕ್ಕೆ ಕಾರಣವನ್ನು ಹೇಳಿದವರು ನಮ್ಮ ಸಭೆಯ ಅತಿ ಹಿರಿಯ ಸದಸ್ಯೆ, ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಅಜ್ಜಿ. ಮಂಡ್ಯದ ಪಕ್ಕದ ಹಳ್ಳಿಯವರಾದ ಅವರು ಹೊರಸೀಮೆಯವರೇ ಇದ್ದ ಆ ಪಟ್ಟಿಗೆ ಮೊದಮೊದಲು ಸೇರಿದ ಇಲ್ಲಿನವರಲ್ಲಿ ಒಬ್ಬರು.

"ನಾಲೇಲಿ ನೀರು ಬುಡೋಗಂಟ ಕಾಯ್ಬೇಕಿತ್ತು ಕಣಪ್ಪ," ಎಂದರು ಅಜ್ಜಿ. "ನಾನು ಯುಗಾದಿ ಕಳುದ್ಮೇಲೆ ಕೇಳ್ದೆ. ಎಲ್ರೂ ಆಯ್ತು ಅಂದ್ರು. ನಾಲೆ ನೋಡುದ್ರೆ ಬರೀ ಕೆಸ್ರು. ಅಷ್ಟು ದಿಸದಾಗೆ ಮನ್ಸು ಬದ್ಲಾದ್ರೆ ಬದ್ಲಾಗ್ಲಿ, ಬಲವಂತ ಇಲ್ಲ ಅಂದ್ರು ಅಯ್ನೋರು. ನನ್ ಮನ್ಸು ಬದ್ಲಾಗ್ನಿಲ್ಲ."

ಆಗ ದೇವಾಲಯದೊಳಗೆ ತೊಟ್ಟಿಯಿರಲಿಲ್ಲ. ಊರಾಚೆ ಉಪನಾಲೆಯ ತೂಬಿನ ಬಳಿ ಸೆಳವು ಕಡಿಮೆಯಿರುವ ಜಾಗವನ್ನು ಹುಡುಕಿಕೊಂಡಿದ್ದರು. ಕನ್ನಂಬಾಡಿಯಲ್ಲಿ ನೀರು ಏರಿ, ಮುಂಗಾರಿನ ಬೆಳೆಗೆಂದು ನಾಲೆಗೆ ಬಿಟ್ಟು, ಅದು ಹುಲಿಕೆರೆಯ ಸುರಂಗವನ್ನು ದಾಟಿ, ಉಪನಾಲೆಗಳಿಗೆ ಹಂಚಿಕೆಯಾಗಿ ಸೊಂಟದುದ್ದ ನಿಂತ ಮೇಲೆ ದಿನ ಗೊತ್ತುಮಾಡುತ್ತಿದ್ದರು. ಹೆಂಗಸರು ಏರಿಯ ಮೇಲೆ ಸೀರೆಗಳನ್ನು ಹಿಡಿದು ಮರೆ ಮಾಡುತ್ತಿದ್ದರಂತೆ. ಗದ್ದೆಯಲ್ಲಿ ನಾಟಿ ಹಾಕುತ್ತಿದ್ದವರು ನಿಂತು ನೋಡುತ್ತಿದ್ದರಂತೆ. ಅಜ್ಜಿ ನೀರಿನಿಂದ ಎದ್ದಾಗ ಅವರ ಅಣ್ಣ ಏರಿಯ ಮೇಲೆ ನಿಂತಿದ್ದರು. ಜಗಳಕ್ಕೆ ಬಂದಿದ್ದಾರೆಂದು ಎಲ್ಲರೂ ಹೆದರಿದರು. ಅವರು ಒಂದು ಮಾತನ್ನೂ ಆಡದೆ, ಚಳಿಯಾಗುತ್ತದೆಂದು ತನ್ನ ಹೆಗಲ ಮೇಲಿನ ಟವಲನ್ನು ಕೊಟ್ಟು ಹೊರಟುಹೋದರಂತೆ. ಅಣ್ಣ ಕಡೆಯವರೆಗೂ ಸಭೆಗೆ ಬರಲಿಲ್ಲ, ತಂಗಿಯ ಮನೆಗೆ ಬರುವುದನ್ನು ಬಿಡಲಿಲ್ಲ.

ಈ ದೇಶದ ಬ್ಯಾಪ್ಟಿಸ್ಟರ ಮೊದಲ ದೀಕ್ಷಾಸ್ನಾನಗಳೂ ಬಯಲಿನ ನೀರಿನಲ್ಲಿ, ಜನರೆದುರಿಗೆ ನಡೆದಂಥವು. ವಿಲಿಯಂ ಕೇರಿ ಬಂಗಾಳಕ್ಕೆ ಬಂದು ಏಳು ವರ್ಷ ಕಾದ ಮೇಲೆ, 1800ರ ಡಿಸೆಂಬರ್ 28ರಂದು ಸೀರಾಂಪುರದಲ್ಲಿ ಹೂಗ್ಲಿ ನದಿಯಲ್ಲಿ ಕೃಷ್ಣ ಪಾಲ್ ಎಂಬ ಬಡಗಿಗೆ ದೀಕ್ಷಾಸ್ನಾನವಾಯಿತು. ಅದೇ ದಿನ, ಅದೇ ನೀರಿನಲ್ಲಿ ಕೇರಿಯ ಸ್ವಂತ ಮಗ ಫೀಲಿಕ್ಸನಿಗೂ ಆಯಿತು. ಮಿಶನರಿಯ ಮಗನೂ ಹುಟ್ಟಿನಿಂದ ಸದಸ್ಯನಲ್ಲ, ಬಡಗಿಯ ಸಾಲಿನಲ್ಲೇ ನಿಂತು ಬರಬೇಕೆಂಬುದನ್ನು ಊರಿಗೆ ತೋರಿಸಿದ ದಿನವದು. (ಇದೇ ಕೇರಿ 1817ರಲ್ಲಿ ಕನ್ನಡದ ವ್ಯಾಕರಣವೊಂದನ್ನು ಅಲ್ಲಿಂದಲೇ ಅಚ್ಚು ಹಾಕಿಸಿದರು. ಬ್ಯಾಪ್ಟಿಸ್ಟರಿಗೂ ಕನ್ನಡಕ್ಕೂ ಇರುವ ಹಳೆಯ ನಂಟು ಅದು. ನಾವು ಓದುತ್ತ ಬಂದ ಸತ್ಯವೇದದ, ಅಂದರೆ ಕನ್ನಡ ಬೈಬಲಿನ, ಬೇರು ಮಾತ್ರ ಬಳ್ಳಾರಿಯಲ್ಲಿದೆ, ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಲ್ಲಿ.) ಇನ್ನೊಂದು ಕಡೆ, 1878ರ ಜುಲೈ 3ರಂದು ಒಂಗೋಲಿನ ಬಳಿ ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಮಂದಿಗೆ ದೀಕ್ಷಾಸ್ನಾನವಾದದ್ದನ್ನು ತೆಲುಗು ಬ್ಯಾಪ್ಟಿಸ್ಟರು ಈಗಲೂ ಹೆಮ್ಮೆಯಿಂದ ನೆನೆಯುತ್ತಾರೆ. ಮೈಸೂರು ಸೀಮೆಯನ್ನೂ ಹಿಂಡಿದ ಮಹಾಬರದ ವರ್ಷಗಳವು. ಗಂಜಿಗಾಗಿ ಬಂದರೆಂಬ ಮಾತು ಬರಬಾರದೆಂದು, ಬರಪರಿಹಾರ ನಡೆಯುತ್ತಿದ್ದಷ್ಟು ಕಾಲ ಅಲ್ಲಿನ ಮಿಶನರಿ ಜಾನ್ ಕ್ಲೌ ದೀಕ್ಷಾಸ್ನಾನವನ್ನು ತಡೆಹಿಡಿದಿದ್ದರು. ನನಗೆ ಆ ದೊಡ್ಡ ಸಂಖ್ಯೆಗಿಂತ ಈ ಕಾಯುವಿಕೆ ಹೆಚ್ಚು ಹತ್ತಿರದ್ದೆನ್ನಿಸುತ್ತದೆ. ಕೇಳಿದವರನ್ನು ಕಾಯಿಸಿ, ಮನಸ್ಸು ಬದಲಾದರೆ ಬದಲಾಗಲಿ ಎನ್ನುವ ಧೈರ್ಯ ಎರಡು ಕಡೆಯೂ ಒಂದೇ.

ದೇವಾಲಯದ ವೇದಿಕೆಯ ಕೆಳಗೆ ತೊಟ್ಟಿ ಕಟ್ಟಿಸಿದ ಮೇಲೆ ದಿನಾಂಕಗಳು ವರ್ಷದುದ್ದಕ್ಕೂ ಹರಡಿಕೊಂಡಿವೆ. ತೊಟ್ಟಿ ಕಟ್ಟಿಸಿದ ವರ್ಷವನ್ನು ಅಚ್ಚಿನ ಚರಿತ್ರೆ ಖಂಡಿತವಾಗಿ ದಾಖಲಿಸುತ್ತದೆ. ಅದಕ್ಕೆ ಮುಂಚೆ ಯಾರು ಎಷ್ಟು ತಿಂಗಳು ನೀರಿಗಾಗಿ ಕಾದರೆಂಬುದು ಅದರಲ್ಲಿ ಬರುವುದಿಲ್ಲ.

ಬೇರೆಯವರ ಪುಸ್ತಕಗಳಲ್ಲಿ ನಮ್ಮವರು

ಹುಟ್ಟು ನಮ್ಮ ಪುಸ್ತಕದಲ್ಲಿಲ್ಲವೆಂದಾಯಿತು. ಮದುವೆಗಳೂ ಅರ್ಧಕ್ಕರ್ಧ ಇಲ್ಲ. 1872ರ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ, ಬಿಷಪ್ಪರಿಂದ ದೀಕ್ಷೆ ಪಡೆಯದ ಸಭಾಪಾಲಕರು ಮದುವೆ ಮಾಡಿಸಬೇಕಾದರೆ ಸರ್ಕಾರದ ಲೈಸೆನ್ಸು ಬೇಕು. ನಮ್ಮಲ್ಲಿ ಲೈಸೆನ್ಸಿಲ್ಲದ ಸಭಾಪಾಲಕರಿದ್ದ ವರ್ಷಗಳಲ್ಲಿ, ಸಭಾಪಾಲಕರೇ ಇಲ್ಲದಿದ್ದ ವರ್ಷಗಳಲ್ಲಿ, ನಮ್ಮ ಹುಡುಗ ಹುಡುಗಿಯರ ಮದುವೆಗಳು ಬೇರೆ ಸಭೆಗಳ ದೇವಾಲಯಗಳಲ್ಲಿ ನಡೆದು ಅಲ್ಲಿನ ಪುಸ್ತಕದಲ್ಲೇ ಸಹಿಯಾಗಿವೆ. ಸತ್ತವರನ್ನು ಮಣ್ಣು ಮಾಡಿದ್ದೂ ಎಲ್ಲ ಕ್ರೈಸ್ತರಿಗೂ ಸೇರಿದ ಸಮಾಧಿಭೂಮಿಯಲ್ಲಿ, ಬೇರೆಯವರು ಸರಿದು ಕೊಟ್ಟ ಜಾಗದಲ್ಲಿ. ದೀಕ್ಷಾಸ್ನಾನದ ವಿಷಯದಲ್ಲಿ ನಮ್ಮೊಡನೆ ಎಂದೂ ಒಪ್ಪದವರು ಹೆಣ ಹೊರುವುದಕ್ಕೆ ಮೊದಲು ಬಂದು ಹೆಗಲು ಕೊಟ್ಟಿದ್ದಾರೆ. ನಾವು ಹಾಡುವ ಕೀರ್ತನೆಗಳೂ ನಮ್ಮವಲ್ಲ, ಮೆಥಡಿಸ್ಟರಿಂದಲೂ ಬಾಸೆಲ್ ಮಿಶನ್ನಿನವರಿಂದಲೂ ಬಂದವು. ಸ್ವತಂತ್ರ ಸಭೆ ಎಂದು ನಾವು ಹೇಳಿಕೊಳ್ಳುತ್ತೇವೆ. ನಮ್ಮ ಚರಿತ್ರೆಯಲ್ಲಿ ನೆರೆಯವರ ಈ ಋಣಕ್ಕೆ ಒಂದು ಅಧ್ಯಾಯವಾದರೂ ಬೇಡವೇ?

ಪಟ್ಟಿಯ ಹೊರಗೆ

ಎಲ್ಲಕ್ಕಿಂತ ಕಷ್ಟದ ಭಾಗವಿದು. ಸಭೆಗೆ ತಪ್ಪದೆ ಬಂದು ಪಟ್ಟಿಗೆ ಎಂದೂ ಬಾರದವರಿದ್ದಾರೆ. ಅವರಲ್ಲಿ ಹಲವರಿಗೆ ಕಾರಣ ಒಂದು ಸರ್ಕಾರಿ ಆದೇಶ. 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಮೊದಲು ಹಿಂದೂ ಧರ್ಮದವರು ಮಾತ್ರ ಸರ್ಕಾರದ ಪರಿಶಿಷ್ಟ ಜಾತಿಗಳ ಪಟ್ಟಿಗೆ ಸೇರುತ್ತಿದ್ದರು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡರು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ನೀರಿನಿಂದ ಏಳುವಾಗ ಮಗಳ ಹಾಸ್ಟೆಲ್ ಸೀಟು, ಮಗನ ನೌಕರಿ ಕೈಬಿಟ್ಟುಹೋಗಬಹುದೆಂದು ತಿಳಿದ ತಾಯಿ ಏನು ಮಾಡಬೇಕು? ಹಿಂದಿನ ಬೆಂಚಿನಲ್ಲಿ ಕೂತು, ಕ್ರಿಸ್ತನ ಕಡೆಯ ಊಟದ ನೆನಪಿಗೆ ರೊಟ್ಟಿ ಹಂಚುವ ಕರ್ತನ ಭೋಜನದ ತಟ್ಟೆ ಬಂದಾಗ ಪಕ್ಕದವರಿಗೆ ದಾಟಿಸಿ, ಹಾಗೆಯೇ ಜೀವನವಿಡೀ ಬಂದುಹೋದ ಹೆಂಗಸರನ್ನು ನಾನು ಬಾಲ್ಯದಿಂದ ನೋಡಿದ್ದೇನೆ. ಅವರ ಕಾಣಿಕೆಯ ಹಣ ಲೆಕ್ಕದ ಪುಸ್ತಕದಲ್ಲಿದೆ, ಹೆಸರು ರಿಜಿಸ್ಟರಿನಲ್ಲಿಲ್ಲ. 2022ರಲ್ಲಿ ಬಂದ ಮತಾಂತರದ ಕಾಯ್ದೆಯು ಮೂವತ್ತು ದಿನ ಮುಂಚೆ ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕೆಂದು ವಿಧಿಸಿದಾಗ ಇಂಥವರ ಅಂಜಿಕೆಗೆ ಇನ್ನೊಂದು ಪದರ ಸೇರಿತು. ನಂಬಿಕೆಯ ಮೇಲೆ ರಾಜನಿಗೆ ಅಧಿಕಾರವಿಲ್ಲವೆಂದು ಹೆಲ್ವಿಸ್ ಬರೆದ ಮಾತು ನಮಗೆ ಹಳೆಯ ಕಾಲದ ಕಥೆಯಲ್ಲ.

ಎಲ್ಲರ ಕಾರಣವೂ ಇದೇ ಅಲ್ಲ. ನನ್ನ ಸ್ವಂತ ಅಣ್ಣ ಹುಡುಗನಾಗಿದ್ದಾಗಿನಿಂದ ಸಭೆಯಲ್ಲಿ ತಬಲಾ ನುಡಿಸುತ್ತಾನೆ. ಕ್ರಿಸ್‌ಮಸ್ಸಿನ ಪೆಂಡಾಲು, ಸುಗ್ಗಿ ಹಬ್ಬದ ಹರಾಜು ಎಲ್ಲವೂ ಅವನದೇ ಓಡಾಟ. ದೀಕ್ಷಾಸ್ನಾನವನ್ನು ಅವನು ಕೇಳಲಿಲ್ಲ. "ಕೇಳೋವಷ್ಟು ಗಟ್ಟಿಯಾಗಿ ನನಗಿನ್ನೂ ಅನ್ನಿಸಿಲ್ಲ, ಸುಮ್ನೆ ಮುಳುಗೋದು ಬೇಡ" ಎಂದು ಒಮ್ಮೆ ಹೇಳಿದ್ದ. ಅಪ್ಪ ಇದರಿಂದ ಬಹಳ ನೊಂದರು, ಆದರೆ ಒತ್ತಾಯ ಮಾಡಲಿಲ್ಲ. ಬ್ಯಾಪ್ಟಿಸ್ಟರು ಒತ್ತಾಯ ಮಾಡಬಾರದು. ಅಣ್ಣನ ಈ ಪ್ರಾಮಾಣಿಕತೆ ನಮ್ಮ ಸಭೆ ಕಲಿಸಿದ ಪಾಠದ ಫಲವೇ ಎಂದು ನಾನು ತಿಳಿದಿದ್ದೇನೆ. ಚರಿತ್ರೆಯಲ್ಲಿ ಅವನಿಗೆ ಜಾಗವಿಲ್ಲವೆಂದರೆ ನನ್ನ ಮನಸ್ಸು ಒಪ್ಪುವುದಿಲ್ಲ.

ಇದರ ಇನ್ನೊಂದು ಮುಖ "ಹೆಸರು ತೆಗೆಯಲಾಗಿದೆ" ಎಂಬ ಷರಾಗಳು. ಕುಡಿತ, ಸಾಲದ ವ್ಯವಹಾರ, ಮನೆಯೊಳಗಿನ ಹೊಡೆದಾಟ, ಸಭೆಯೊಳಗಿನ ಬಣ, ಹೀಗೆ ನಡಾವಳಿಯಲ್ಲಿ ಕಾರಣಗಳು ಬಿಡಿಸಿ ಬರೆದಿವೆ. ಕೆಲವು ತೀರ್ಮಾನಗಳು ನ್ಯಾಯವಾಗಿವೆ. ಹೆಂಡತಿಗೆ ಹೊಡೆದ ಒಬ್ಬ ಹಿರಿಯರನ್ನು ಅವರ ಸ್ಥಾನ ನೋಡದೆ ಹೊರಗಿಟ್ಟದ್ದು ಇಂದಿಗೂ ನನಗೆ ಗೌರವದ ವಿಷಯ. ಕೆಲವು ಅನ್ಯಾಯವಾಗಿವೆ. ಬೇರೆ ಧರ್ಮದ ಹುಡುಗನನ್ನು ಮದುವೆಯಾದಳೆಂದು ಒಬ್ಬ ಹೆಣ್ಣುಮಗಳ ಹೆಸರನ್ನು ತೆಗೆದವರು, ಅಂಥದ್ದೇ ಮದುವೆ ಮಾಡಿಕೊಂಡ ಗಂಡುಮಗನನ್ನು ಎಚ್ಚರಿಕೆ ಕೊಟ್ಟು ಉಳಿಸಿಕೊಂಡಿದ್ದಾರೆ. ಎಲ್ಲರಿಗೂ ಒಂದೊಂದು ಕೈ ಇದ್ದೂ ಹೀಗಾಯಿತು. ಆ ದಿನ ಕೈ ಎತ್ತಿದವರಲ್ಲಿ ಹೆಂಗಸರೇ ಹೆಚ್ಚಾಗಿದ್ದರೆಂದು ನಡಾವಳಿಯ ಹಾಜರಿ ಪಟ್ಟಿ ಹೇಳುತ್ತದೆ.

ನನ್ನ ಕರಡನ್ನು ಕಳೆದ ಸದಸ್ಯರ ಸಭೆಯಲ್ಲಿ ಓದಿದೆ. ಹೊರಗಿಟ್ಟವರ ಹೆಸರುಗಳನ್ನು ಅಚ್ಚು ಹಾಕುವುದು ಬೇಡ, ಅಂಥ ತೀರ್ಮಾನಗಳಾದವು ಎಂಬುದನ್ನೂ ಅವುಗಳಲ್ಲಿ ಕೆಲವು ತಪ್ಪಾಗಿದ್ದವು ಎಂಬುದನ್ನೂ ಬರೆಯುವುದು ಸರಿ ಎಂದು ಒಪ್ಪಿಗೆಯಾಯಿತು. ಜೀವಂತ ಇರುವವರ ಕಥೆಯನ್ನು ಅವರನ್ನು ಕೇಳದೆ ಬರೆಯಕೂಡದೆಂದು ಅಜ್ಜಿ ಹೇಳಿದರು; ಅದೂ ಆಯಿತು. ದೀಕ್ಷಾಸ್ನಾನ ಪಡೆಯದವರ ಅಧ್ಯಾಯಕ್ಕೆ ಬಂದಾಗ ಮಾತ್ರ ಸಭೆ ಎರಡಾಯಿತು. ಅವರನ್ನು ಸಭೆಯ ಚರಿತ್ರೆಯಲ್ಲಿ ಸೇರಿಸಿದರೆ ನಾವು ಬ್ಯಾಪ್ಟಿಸ್ಟರಾಗಿ ಇರುವುದಕ್ಕೆ ಅರ್ಥವೇನು ಎಂದು ನಾನು ಬಹಳ ಗೌರವಿಸುವ ಒಬ್ಬ ಹಿರಿಯರು ಕೇಳಿದರು. ಅವರ ಪ್ರಶ್ನೆ ಹಗುರವಾದದ್ದಲ್ಲ. ಪಟ್ಟಿ ಬೇರೆ, ಚರಿತ್ರೆ ಬೇರೆ, ಬೆಂಚಿನಲ್ಲಿ ಕೂತವರು ಕೂತಿದ್ದರೆಂದು ಬರೆಯುವುದರಿಂದ ಯಾರಿಗೂ ದೀಕ್ಷಾಸ್ನಾನ ಕೊಟ್ಟಂತಾಗುವುದಿಲ್ಲ ಎಂದು ನಾನು ಉತ್ತರಿಸಿದೆ. ಮುಂದಿನ ತ್ರೈಮಾಸಿಕ ಸಭೆಗೆ ವಿಷಯವನ್ನು ಮುಂದೂಡಲಾಗಿದೆ. ಅಲ್ಲಿಯವರೆಗೆ ಆ ಅಧ್ಯಾಯವನ್ನು ಬರೆಯುವ ಅನುಮತಿಯಿದೆ, ಅಚ್ಚಿಗೆ ಕೊಡುವ ಅನುಮತಿಯಿಲ್ಲ. ಹಿಂದಿನ ಬೆಂಚಿನ ಹೆಂಗಸರಲ್ಲಿ ಇನ್ನೂ ಬರುತ್ತಿರುವ ಇಬ್ಬರೊಡನೆ ಮಾತಾಡುವುದಿದೆ; ಅವರು ಬೇಡವೆಂದರೆ ಆ ಪುಟಗಳನ್ನು ನಾನೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.